ಐಸಿನಲ್ಲಿಟ್ಟ ನಾಲ್ಕು ತಿಂಗಳು

ನಾನು ಮೀನಿನ ಮನೆಯವಳು. ನಮ್ಮಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ ಐಸಿನದ್ದು. ದೋಣಿಯಿಂದ ಮೀನು ಇಳಿಯಿತೋ, ಐಸು. ಬುಟ್ಟಿಗೆ ಹಾಕಿದೆಯೋ, ಮೇಲೊಂದು ಹಿಡಿ ಐಸು. ಗಿರಾಕಿ ಮಾತಾಡುತ್ತಾ ನಿಂತರೆ ಅವರ ಮಾತು ಮುಗಿಯುವುದರೊಳಗೆ ಇನ್ನೊಂದು ಹಿಡಿ. ಬೈಂದೂರು ಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಮೀನು ಮಾರುತ್ತಾ ಬಂದ ನನ್ನ ಅಮ್ಮ, ಬಿಸಿಲಿಗೆ ಬಿಟ್ಟ ಬೂತಾಯಿ ಮೀನನ್ನು ಕಂಡರೆ ಅದು ಯಾರದ್ದೇ ಆಗಿರಲಿ ಬೈದು ಬಿಡುತ್ತಾಳೆ. ಹಾಗಾಗಿ ಬಿಸಿ ಎಂದರೆ ಹಾಳು, ತಂಪು ಎಂದರೆ ಕ್ಷೇಮ ಎಂಬುದು ನನ್ನ ಮಂಡೆಯೊಳಗೆ ಅಕ್ಷರ ಬರುವ ಮೊದಲೇ ಕೂತಿತ್ತು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನ ಪಿಎಚ್.ಡಿ. ಮುಳುಗಿಹೋಗುವಷ್ಟಕ್ಕೆ ಬಂದದ್ದು ಈ ಪಾಠದಿಂದಲೇ.

ಆ ವಯಸ್ಸಿನಲ್ಲಿ ಎಂತ ಪಿಎಚ್.ಡಿ. ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ, ನೀವೂ ಕೇಳಿ. ಕುಂದಾಪುರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಬೇರೆಯವರು ಕಂಡುಹಿಡಿದದ್ದನ್ನು ಬೋರ್ಡಿನ ಮೇಲೆ ಬರೆದು ಬರೆದು ಸಾಕಾಗಿತ್ತು. ಒಂದಾದರೂ ಸಣ್ಣ ಸಂಗತಿಯನ್ನು ನಾನೇ ಕಾಣಬೇಕು, ನಾನೇ ಮೊದಲು ಹೇಳಬೇಕು ಅನ್ನುವ ಹಠ ಹತ್ತಿತು. ಬ್ರಹ್ಮಾವರದಲ್ಲಿದ್ದ ಒಬ್ಬ ಪ್ರೊಫೆಸರರು ನನ್ನನ್ನು ವಿದ್ಯಾರ್ಥಿನಿಯಾಗಿ ಒಪ್ಪಿಕೊಂಡರು. ಶನಿವಾರ ಮಧ್ಯಾಹ್ನ, ರಜಾದಿನ, ಬೇಸಿಗೆಯ ಬಿಡುವು, ಎಲ್ಲವೂ ಅವರ ಪುಟ್ಟ ಲ್ಯಾಬಿಗೇ ಹೋಯಿತು. ಹಾಗೆ ಐದು ವರ್ಷ ಕಳೆದು, ಮೇಲೆ ಕೊಟ್ಟ ಹೆಚ್ಚುವರಿ ವರ್ಷವೂ ಮುಗಿಯುತ್ತ ಬಂದಿತ್ತು. ಪ್ರೊಫೆಸರರು ಆ ವರ್ಷವೇ ನಿವೃತ್ತರಾಗುವವರು. ಅಕ್ಟೋಬರದ ಕೊನೆಯೊಳಗೆ ನನ್ನ ಕಿಣ್ವ ಕೆಲಸ ಮಾಡುತ್ತದೆ ಎಂದು ತೋರಿಸುವ ವರದಿ ಹೋಗದಿದ್ದರೆ ನೋಂದಣಿ ರದ್ದು. ಅಲ್ಲಿಗೆ ಮುಗಿಯಿತು, ಮತ್ತೆ ಅವಕಾಶವಿಲ್ಲ.

ಕಿಣ್ವ ಸಿಕ್ಕಿದ್ದು ಗೊಬ್ಬರದ ರಾಶಿಯಲ್ಲಿ. ಮೀನು ಕೊಯ್ದ ಮೇಲೆ ಉಳಿಯುವ ಕಿವಿರು, ಕರುಳು, ತಲೆ, ಜೊತೆಗೆ ಮಾರಾಟವಾಗದ ಚಿಲ್ಲರೆ ಮೀನು; ಇವನ್ನು ತರಗೆಲೆ, ಸಗಣಿ, ತೆಂಗಿನ ನಾರಿನ ಜೊತೆ ಪದರ ಪದರವಾಗಿ ಒಟ್ಟಿ ತಾಡಪಾಲು ಹೊದೆಸಿದರೆ ಮೂರನೆಯ ದಿನಕ್ಕೆ ರಾಶಿ ಹೊಗೆಯಾಡುತ್ತದೆ. ಯಾರೂ ಬೆಂಕಿ ಹಾಕುವುದಿಲ್ಲ. ಒಳಗಿರುವ ಸೂಕ್ಷ್ಮಜೀವಿಗಳು ತಿಂದು ತಿಂದು ತಾವೇ ಬಿಸಿ ಮಾಡಿಕೊಳ್ಳುತ್ತವೆ. ಕೊನೆಗೆ ಆ ಬಿಸಿಯಲ್ಲಿ ಬದುಕಬಲ್ಲವು ಮಾತ್ರ ಉಳಿಯುತ್ತವೆ. ರಾಶಿಯ ನಡುವಿನಿಂದ ಒಂದು ಚಮಚ ತೆಗೆದು ಲ್ಯಾಬಿಗೆ ಒಯ್ದೆ. ಅರವತ್ತೈದು ಡಿಗ್ರಿಯ ಪೆಟ್ಟಿಗೆಯಲ್ಲಿ, ಹಾಲು ಬೆರೆಸಿದ ತಟ್ಟೆಯ ಮೇಲೆ, ಒಂದು ಬ್ಯಾಕ್ಟೀರಿಯಾ ಬೆಳೆಯಿತು. ಬೆಳೆದಲ್ಲೆಲ್ಲ ಸುತ್ತಲಿನ ಹಾಲಿನ ಬಿಳಿ ಮಾಯವಾಗಿ ತಟ್ಟೆ ಗಾಜಿನಂತೆ ತಿಳಿಯಾಗಿತ್ತು. ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದನ್ನು ಅದು ಹೊರಗೆ ಉಗುಳುತ್ತಿದೆ ಎಂದಾಯಿತು. ಆ ದಿನ ಲ್ಯಾಬಿನಲ್ಲಿ ಒಬ್ಬಳೇ ಕುಣಿದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಮುಂದಿನ ಕೆಲಸ ಕಿಣ್ವವನ್ನು ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿ, ಶುದ್ಧ ಮಾಡಿ, ಗಾಜಿನ ನಳಿಗೆಯಲ್ಲಿ ಪರೀಕ್ಷಿಸುವುದು. ಶುದ್ಧ ಮಾಡುವಾಗ ಐಸಿನಲ್ಲಿಡಬೇಕು ಎಂದು ಪುಸ್ತಕವೇ ಹೇಳುತ್ತದೆ. ಅಬ್ಬಾ, ಇದು ನನಗೆ ಗೊತ್ತಿರುವ ಕಸುಬು! ಅಮ್ಮನ ಹಳೆಯ ಥರ್ಮೊಕೋಲ್ ಪೆಟ್ಟಿಗೆಯನ್ನು ಮೂರು ಸಲ ತೊಳೆದು, ಐಸು ತುಂಬಿ, ನಳಿಗೆಗಳನ್ನು ಮೀನಿನ ಮರಿಗಳ ಹಾಗೆ ಮಲಗಿಸಿದೆ. ಕಾಲೇಜಿನ ಫ್ರಿಜ್ಜು ದೊಡ್ಡದಾದ್ದರಿಂದ ನಳಿಗೆಗಳು ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ನನ್ನ ಜೊತೆ ಬಸ್ಸಿನಲ್ಲೇ ತಿರುಗುತ್ತಿದ್ದವು. ಸಾಸ್ತಾನದ ಟೋಲ್ ಗೇಟಿನಲ್ಲಿ ಬಸ್ಸು ನಿಂತಾಗಲೆಲ್ಲ ಮುಚ್ಚಳ ತೆಗೆದು ಐಸು ಕರಗಿದೆಯಾ ಎಂದು ನೋಡುವುದು ನನ್ನ ರೂಢಿ. ಒಮ್ಮೆ ಕಂಡಕ್ಟರ್ ಬಗ್ಗಿ ನೋಡಿ, "ಎಂತ ಮೀನ್ ಅಕ್ಕಾ? ಬಂಗ್ಡೆಯಾ?" ಎಂದ.

"ಮೀನಲ್ಲ ಮಾರಾಯ, ಬ್ಯಾಕ್ಟೀರಿಯಾದ್ ಕಿಣ್ವ."

"ಅದ್ ಯಾವ್ ಬಂದರಗೆ ಬಪ್ಪುದ್?" ಎಂದು ಕೇಳಿ ಮುಂದೆ ಹೋದ. ಬಸ್ಸಿಡೀ ನಕ್ಕಿತು, ನಾನೂ ನಕ್ಕೆ.

ನಳಿಗೆಯಲ್ಲಿನ ಪರೀಕ್ಷೆ ಸುಲಭದ್ದು. ಹಾಲಿನ ಪ್ರೋಟೀನಿಗೆ ಕಿಣ್ವ ಸೇರಿಸಿ ಸ್ವಲ್ಪ ಹೊತ್ತು ಬೆಚ್ಚಗೆ ಇಡಬೇಕು. ಆಮೇಲೆ ಆಮ್ಲ ಹಾಕಿದರೆ, ಕತ್ತರಿಸದೆ ಉಳಿದ ಪ್ರೋಟೀನು ಹಾಲು ಒಡೆದ ಹಾಗೆ ತಳಕ್ಕೆ ಕೂರುತ್ತದೆ, ಕತ್ತರಿಸಿದ ಚೂರುಗಳು ಮೇಲಿನ ತಿಳಿಯಲ್ಲಿ ಉಳಿಯುತ್ತವೆ. ಆ ತಿಳಿಗೆ ಒಂದು ದ್ರಾವಣ ಬೆರೆಸಿದರೆ ನೀಲಿ ಬಣ್ಣ. ನೀಲಿ ಬಂದರೆ ಕಿಣ್ವ ದುಡಿದಿದೆ, ಬಾರದಿದ್ದರೆ ಇಲ್ಲ. ವಿಧಾನದ ಪುಸ್ತಕದಲ್ಲಿ 'ಮೂವತ್ತೇಳು ಡಿಗ್ರಿಯಲ್ಲಿ ಇಡಿ' ಎಂದಿತ್ತು. ಐಸಿನಿಂದ ತೆಗೆದೆ, ಮೂವತ್ತೇಳರಲ್ಲಿ ಇಟ್ಟೆ, ನೀಲಿ ಬರಲಿಲ್ಲ. ಮತ್ತೆ ಮಾಡಿದೆ. ಉಪ್ಪು ಬದಲಿಸಿದೆ, ಆಮ್ಲ ಬದಲಿಸಿದೆ, ಹೊಸದಾಗಿ ಕಿಣ್ವ ತೆಗೆದೆ, ಇನ್ನೂ ಜಾಸ್ತಿ ಐಸು ಹಾಕಿದೆ. ನಾಲ್ಕು ತಿಂಗಳು ನೀಲಿ ಬರಲಿಲ್ಲ. ಬಂದರೂ ತೊಳೆದ ಬಟ್ಟೆಗೆ ಹಾಕುವ ನೀಲಿಯಷ್ಟು ತೆಳು, ಇದೆಯೋ ಇಲ್ಲವೋ ಎಂಬಂತೆ.

ಬಿಸಿಯಲ್ಲಿ ಹುಟ್ಟಿದ್ದನ್ನು ಬಿಸಿಯಲ್ಲೇ ಪರೀಕ್ಷಿಸಬಾರದೇಕೆ ಎಂದು ನಿಮಗೆ ಈಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹೊಳೆದರೂ ಕೈ ಮುಂದೆ ಹೋಗಲಿಲ್ಲ. ಬ್ಯಾಕ್ಟೀರಿಯಾಕ್ಕಾದರೆ ಗೋಡೆಯಿದೆ, ಬಿಸಿ ತಡೆದುಕೊಳ್ಳುತ್ತದೆ, ತಟ್ಟೆಯಲ್ಲಿ ಕೆಟ್ಟ ಕಿಣ್ವದ ಜಾಗಕ್ಕೆ ಹೊಸತನ್ನು ಉಗುಳುತ್ತಲೂ ಇರುತ್ತದೆ. ಹೊರಗೆ ತೆಗೆದ ಕಿಣ್ವ ಬರೀ ಪ್ರೋಟೀನು. ಮೊಟ್ಟೆಯ ಬಿಳಿಯೂ ಪ್ರೋಟೀನೇ, ಬಂಗಡೆಯ ಮಾಂಸವೂ ಪ್ರೋಟೀನೇ, ಬಿಸಿಗಿಟ್ಟರೆ ಎಂತಾಗುತ್ತದೆ ಎಂದು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಎಪ್ಪತ್ತು ಡಿಗ್ರಿ ನೀರಿಗೆ ನನ್ನ ನಳಿಗೆಯನ್ನು ಇಳಿಸುವುದೆಂದರೆ ಕೈಯಾರೆ ಸಾರು ಮಾಡಿದ ಹಾಗೆ ಅನಿಸುತ್ತಿತ್ತು. ಪ್ರೊಫೆಸರರಿಗೆ ಕೊಡುವ ಹಾಳೆಯಲ್ಲಿ 'ವಿಧಾನದ ಪ್ರಕಾರ ಮಾಡಿದೆ, ಚಟುವಟಿಕೆ ಇಲ್ಲ' ಎಂದಷ್ಟೇ ಬರೆಯುತ್ತಿದ್ದೆ. ಯಾವ ಬಿಸಿಯಲ್ಲಿ ಎಂದು ಬರೆಯಲಿಲ್ಲ. ಅರವತ್ತೈದರಲ್ಲಿ ಬೆಳೆಸಿದವಳು ಅಷ್ಟರಲ್ಲೇ ಪರೀಕ್ಷಿಸಿರುತ್ತಾಳೆ ಎಂದು ಅವರು ನಂಬಿದ್ದರು.

ಅಕ್ಟೋಬರದ ಒಂದು ಶನಿವಾರ ಸಾಕಾಯಿತು. ನೋಂದಣಿ ಹಿಂದಕ್ಕೆ ಪಡೆಯುವ ಪತ್ರ ಬರೆದು ಅವರ ಮೇಜಿನ ಮೇಲಿಟ್ಟೆ. ಬೇರೆಯವರಾದರೆ ಓದಿ, ಬೇಸರ ಪಟ್ಟು, ಸಹಿ ಹಾಕುತ್ತಿದ್ದರೇನೋ. ಅವರು ಮಡಚಿದ ಪತ್ರವನ್ನು ಬಿಚ್ಚದೆ ನನ್ನ ಕೈಗೇ ವಾಪಸು ಕೊಟ್ಟು, "ಶನಿವಾರ ನಾನು ಪತ್ರ ತೆಗೆದುಕೊಳ್ಳುವುದಿಲ್ಲ. ಸೋಮವಾರ ರಜೆ ಹಾಕಿ ಬನ್ನಿ, ಆಗಲೂ ಕೊಡಬೇಕು ಅನಿಸಿದರೆ ಕೊಡಿ" ಎಂದರು. ಹಾಗೊಂದು ನಿಯಮ ಅವರಿಗೆ ಇರಲಿಲ್ಲ. ನನಗಾಗಿ ಆ ಗಳಿಗೆಯಲ್ಲಿ ಮಾಡಿದ ನಿಯಮ ಅದು. ಆ ಎರಡು ದಿನದ ಋಣ ನನ್ನ ಮೇಲೆ ಇವತ್ತಿಗೂ ಇದೆ.

ಭಾನುವಾರ ಬೈಂದೂರಿಗೆ ಹೋದೆ. ಬಿಡುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಬೇಕಿತ್ತು. ಅವಳು ಅಂಗಳದ ಕೊನೆಯಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಗೊಬ್ಬರದ ರಾಶಿಯ ಎದುರು ನಿಂತಿದ್ದಳು. ಹಿಂದಿನ ದಿನಗಳ ಅಕಾಲದ ಮಳೆಗೆ ತಾಡಪಾಲು ಹಾರಿ ರಾಶಿ ನೆನೆದುಹೋಗಿತ್ತು. ಅಮ್ಮ ರಾಶಿ ನೋಡುವುದಕ್ಕೆ ಒಂದು ಕಬ್ಬಿಣದ ಸರಳು ಇಟ್ಟಿದ್ದಾಳೆ. ಅದನ್ನು ನಡುವಿಗೆ ಚುಚ್ಚಿ, ನೂರು ಎಣಿಸಿ, ಎಳೆದು ಮುಂಗೈಗೆ ತಾಗಿಸುತ್ತಾಳೆ. ಸುಟ್ಟು ಕೈ ಹಿಂದೆ ಬಂದರೆ ರಾಶಿ ಸರಿ. ಆ ದಿನ ಸರಳನ್ನು ಕೆನ್ನೆಗೇ ಒತ್ತಿಕೊಂಡು ನಿಂತಿದ್ದಳು, ಅಷ್ಟು ತಣ್ಣಗಿತ್ತು. ಒಳಗಿನ ಮೀನಿನ ತಲೆಗಳು ಗೊಬ್ಬರವಾಗದೆ, ಹಾಕಿದ ಆಕಾರದಲ್ಲೇ ನಾರುತ್ತಾ ಬಿದ್ದಿದ್ದವು.

"ಇದ್ ಹಾಳಾಯ್ತಲೆ ಅಮ್ಮ. ಎಸೂದಾ?" ಎಂದೆ.

"ಎಂತಕ್ಕ್ ಎಸೂದ್? ಸತ್ತದ್ದಲ್ಲ ಮಾರಾಯ್ತಿ. ಥಂಡಿ ಆದ್ದ್ ಅಷ್ಟೇ. ಬೆಚ್ಚಗ್ ಮಾಡ್ರೆ ಮತ್ತ್ ಕೆಲ್ಸ ಮಾಡತ್ತ್ ಕಾಣ್" ಎಂದು ಹಸಿ ಸೊಪ್ಪು, ಹೊಸ ಸಗಣಿ ಸೇರಿಸಿ ಪಿಕಾಸಿಯಿಂದ ತಿರುವಿ ಹಾಕತೊಡಗಿದಳು.

ನಾನು ಅಲ್ಲೇ ಕಲ್ಲಿನ ಮೇಲೆ ಕೂತು ನನ್ನ ಕತೆ ಹೇಳಿದೆ. ಹೇಳುತ್ತಾ ಅಳು ಬಂತು. ಆರು ವರ್ಷ ಹೋಯಿತು, ಮನೆಯವರ ಭಾನುವಾರಗಳೆಲ್ಲ ಹೋದವು, ಕಡೆಗೂ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಅತ್ತೆ. ಅಮ್ಮ ಪಿಕಾಸಿ ನಿಲ್ಲಿಸಲಿಲ್ಲ. ಮದುವೆಯಾದ ಹೊಸತರಲ್ಲಿ ಬೊಂಬಾಯಿಯಲ್ಲಿ ಕೆಲವು ವರ್ಷ ಇದ್ದವಳು, ಸಿಟ್ಟಿಗೂ ಸಮಾಧಾನಕ್ಕೂ ಅಲ್ಲಿನ ಮಾತು ಬರುತ್ತದೆ, ಸುಮ್ಮಸುಮ್ಮನೆ ಎನ್ನಲು ಖಾಲಿಪಿಲಿ ಎನ್ನುತ್ತಾಳೆ. "ಖಾಲಿಪಿಲಿ ಮಂಡೆಬಿಸಿ ಮಾಡ್ಕಣ್ಬೇಡ. ನೀ ಅದನ್ನ ಎಂತದ್ರಗೆ ಇಟ್ಟದ್ದ್?"

"ಐಸಗೆ."

"ಐಸಗಾ?" ಪಿಕಾಸಿ ನಿಂತಿತು.

"ಮತ್ತೆ? ಹಾಳಾಪುದಿಲ್ಯಾ?"

"ಹ್ವಾಯ್, ಅದೆಂತ ಬಂಗ್ಡೆಯಾ? ಈ ರಾಶಿ ಬಿಸಿಯಗೆ ಹುಟ್ಟಿ ಬೆಳ್ದದ್ದನ್ನ ಐಸಗೆ ಹಾಕಿ, ಕೆಲ್ಸ ಮಾಡ್ ಅಂದ್ರೆ ಮಾಡತ್ತಾ? ನಿನ್ನನ್ನ ಐಸಿನ್ ಪೆಟ್ಟಿಯಗೆ ಕೂರ್ಸಿ ಪಾಠ ಮಾಡ್ ಅಂದ್ರೆ ಮಾಡ್ತ್ಯಾ?"

"ಪರೀಕ್ಷೆ ಮಾಡೂದ್ ಐಸಗಲ್ಲ ಅಮ್ಮ, ಮೂವತ್ತೇಳ್ ಡಿಗ್ರಿಯಗೆ."

"ಅದೆಷ್ಟ್ ಬಿಸಿ?"

"ನಮ್ ಮೈಯಷ್ಟ್."

"ರಾಶಿಗೆ ನಿನ್ನ ಮೈ ಥಂಡಿ" ಎಂದು ಅಮ್ಮ ಮತ್ತೆ ತಿರುವಲು ಶುರು ಮಾಡಿದಳು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನು ಎಂ.ಎಸ್ಸಿ. ಓದಿದವಳು, ಇಪ್ಪತ್ತು ವರ್ಷ ಮಕ್ಕಳಿಗೆ ಕಿಣ್ವದ ಪಾಠ ಮಾಡಿದವಳು. ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಹೆಚ್ಚಾಗಿ, ನಳಿಗೆಯನ್ನು ಬಿಸಿಗಿಟ್ಟು ನೋಡುವ ಆತುರ ಹತ್ತಿತು. ಊಟಕ್ಕೂ ನಿಲ್ಲದೆ ಹೊರಟೆ. ಅಮ್ಮ ಹಿಂದಿನಿಂದ "ಉಂಡ್ಕಂಡ್ ಹೋಗ್ ಮಾರಾಯ್ತಿ" ಎಂದು ಕೂಗುತ್ತಲೇ ಇದ್ದಳು.

ಸೋಮವಾರ ಬೆಳಿಗ್ಗೆ ನೀರಿನ ತೊಟ್ಟಿಯನ್ನು ಎಪ್ಪತ್ತಕ್ಕೆ ಇಟ್ಟೆ. ಶನಿವಾರ ಲ್ಯಾಬಿನ ಸಣ್ಣ ಫ್ರಿಜ್ಜಿನಲ್ಲೇ ಬಿಟ್ಟುಹೋಗಿದ್ದವುಗಳಲ್ಲಿ ಎಲ್ಲಕ್ಕಿಂತ ಹಳೆಯ ನಳಿಗೆಯನ್ನೇ ಆರಿಸಿದೆ, ಜೂನಿನಲ್ಲಿ ತೆಗೆದಿಟ್ಟದ್ದು. ಹೋದರೆ ಅದೇ ಹೋಗಲಿ ಅಂತ. ಹಾಲಿನ ಪ್ರೋಟೀನು ಬೆರೆಸಿ ಬಿಸಿನೀರಿಗೆ ಇಳಿಸುವಾಗ ನಿಜವಾಗಿ ಕಣ್ಣು ಮುಚ್ಚಿಕೊಂಡೆ. ಇಪ್ಪತ್ತು ನಿಮಿಷ ಕಳೆದು ಆಮ್ಲ ಹಾಕಿದರೆ ತಳಕ್ಕೆ ಕೂರಲು ಹೆಚ್ಚೇನೂ ಇರಲಿಲ್ಲ. ಮೇಲಿನ ತಿಳಿಗೆ ದ್ರಾವಣ ಬೆರೆಸಿದೆ. ನೀಲಿ! ಶಾಯಿಯಂಥ ನೀಲಿ, ಬಣ್ಣ ಅಳೆಯುವ ಯಂತ್ರಕ್ಕೆ ಇಟ್ಟರೆ ಓದಲಾಗದಷ್ಟು ದಟ್ಟ. ಕಿಣ್ವವಿಲ್ಲದ ನಳಿಗೆಯನ್ನು ಪಕ್ಕದಲ್ಲಿಟ್ಟು ನೋಡಿದೆ, ಅದು ಬಿಳುಚಾಗಿಯೇ ಇತ್ತು. ಇನ್ನೆರಡು ಸಲ ಮಾಡಿದೆ, ಎರಡೂ ಸಲ ನೀಲಿ. ಮೂರನ್ನೂ ಸಾಲಾಗಿ ನಿಲ್ಲಿಸಿ ಪ್ರೊಫೆಸರರಿಗೆ ಕಾದೆ.

ಪ್ರೊಫೆಸರರು ಬಂದಾಗ ನಳಿಗೆ ತೋರಿಸಿ, ನಾಲ್ಕು ತಿಂಗಳು ಮೂವತ್ತೇಳು ದಾಟಿಸಿರಲಿಲ್ಲ ಎಂದು ಒಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, "ನಾಲ್ಕು ತಿಂಗಳು ನಾನೂ ಕೇಳಲಿಲ್ಲವಲ್ಲ. ಎಷ್ಟು ಬಿಸಿಯಲ್ಲಿ ಮಾಡಿದಿರಿ ಅಂತ ಒಂದು ಮಾತು ಕೇಳಬೇಕಾದದ್ದು ನನ್ನ ಕೆಲಸ" ಎಂದರು. ಆಮೇಲೆ ಹಾಳೆ ಎಳೆದುಕೊಂಡು ಚಿತ್ರ ಬರೆದು ವಿವರಿಸಿದರು. ಈಗ ನನ್ನ ವಿದ್ಯಾರ್ಥಿಗಳಿಗೆ ನಾನೂ ಹಾಗೇ ಹೇಳುತ್ತೇನೆ.

ಕಿಣ್ವ ಎಂದರೆ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡ ಒಂದು ಸರಪಳಿ. ಅದಕ್ಕೊಂದು ಬಾಯಿಯಿದೆ. ಪ್ರೋಟೀನು ಕತ್ತರಿಸಬೇಕಾದರೆ ಬಾಯಿ ತೆರೆಯಬೇಕು, ಹಿಡಿಯಬೇಕು, ಮತ್ತೆ ಬಿಡಬೇಕು. ಅಂದರೆ ಅದರ ಮೈ ಸ್ವಲ್ಪ ಬಾಗಲೇಬೇಕು. ನಮ್ಮ ಹೊಟ್ಟೆಯಲ್ಲಿರುವಂಥ ಕಿಣ್ವಗಳ ಮಡಿಕೆ ಸಡಿಲ; ಮೈಯ ಬಿಸಿಗೇ ಬಾಗುತ್ತವೆ, ಹೆಚ್ಚು ಬಿಸಿಯಾದರೆ ಬಿಚ್ಚಿಹೋಗುತ್ತವೆ. ರಾಶಿಯ ಜೀವಿಯ ಕಿಣ್ವ ಹಾಗೆ ಬಿಚ್ಚಿಹೋಗದಿರಲೆಂದೇ ಮೈತುಂಬ ಹೆಚ್ಚಿನ ಬಿಗಿತ ಹಾಕಿಕೊಂಡಿದೆ. ಆ ಬಿಗಿತವೇ ಅದನ್ನು ಬಿಸಿಯಲ್ಲಿ ಕಾಯುವುದು. ತಂಪಿನಲ್ಲಿ ಅದೇ ಬಿಗಿತದಿಂದ ಮೈ ಬಾಗದು, ಬಾಯಿ ತೆರೆಯದು. ರಾಶಿಯಷ್ಟು ಬಿಸಿ ತಾಗಿದಾಗ ಬೇಕಾದಷ್ಟೇ ಸಡಿಲವಾಗುತ್ತದೆ, ದುಡಿಯುತ್ತದೆ. ಇನ್ನೂ ಮೇಲೇರಿಸಿದರೆ ಅದಕ್ಕೂ ಮಿತಿಯಿದೆ, ಅಲ್ಲಿ ಅದೂ ಬಿಚ್ಚಿಕೊಳ್ಳುತ್ತದೆ. ನನ್ನ ನಳಿಗೆಗಳಲ್ಲಿ ಏನೂ ಹಾಳಾಗಿರಲಿಲ್ಲ. ಬಾಯಿ ಕಚ್ಚಿಕೊಂಡು ಸುಮ್ಮನೆ ಕೂತಿದ್ದವು, ಅಷ್ಟೆ.

"ಪತ್ರ ತಂದಿದ್ದೀರಾ?" ಎಂದು ಅವರು ಕೇಳಿದರು. ಬ್ಯಾಗಿನಲ್ಲಿತ್ತು. ಅವರೆದುರೇ ಹರಿದೆ. ಹನ್ನೊಂದು ದಿನ ಹಗಲಿಡೀ ಕೆಲಸ ಮಾಡಿದೆವು, ವರದಿ ಹೋಯಿತು, ನೋಂದಣಿ ಉಳಿಯಿತು.

ಮುಂದಿನ ವರ್ಷ ಪ್ರಬಂಧ ಬರೆಯಲು ಕೂತಾಗ ಆ ನಾಲ್ಕು ತಿಂಗಳನ್ನು ಎಲ್ಲಿ ಅಡಗಿಸುವುದು ಎಂದು ಯೋಚಿಸುತ್ತಿದ್ದೆ. ನಿವೃತ್ತರಾಗಿದ್ದರೂ ಪ್ರೊಫೆಸರರು ವಾರಕ್ಕೊಮ್ಮೆ ಬರುತ್ತಿದ್ದರು. ಅಡಗಿಸಬೇಡಿ, ಒಳಗೆ ಹಾಕಿ ಎಂದರು. ಹಾಕಿ ನೋಡಿದರೆ ನನಗೇ ಆಶ್ಚರ್ಯ. ತಂಪಿನಲ್ಲಿ ಈ ಕಿಣ್ವ ಎಷ್ಟು ಕಡಿಮೆ ದುಡಿಯುತ್ತದೆ ಎಂಬುದಕ್ಕೆ, ಸುಮ್ಮನಿದ್ದೂ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬುದಕ್ಕೆ, ಬೇಕೆಂದೇ ಕೂತು ಮಾಡಹೊರಟರೂ ಅಷ್ಟು ಗಟ್ಟಿ ಪುರಾವೆ ಯಾರಿಗೂ ಸಿಗುತ್ತಿರಲಿಲ್ಲ. ನನ್ನ ಪೆದ್ದುತನವೇ ಒಂದು ಅಧ್ಯಾಯವಾಯಿತು.

ಕೊನೆಯ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿ ಆ ಅಧ್ಯಾಯವನ್ನೇ ತೆರೆದರು. ಇಲ್ಲಿ ಸೋತರೆ ಅಷ್ಟೂ ವರ್ಷ ನೀರಿಗೆ. ಇಂಗ್ಲಿಷಿನಲ್ಲಿ ಶುರುವಾದ ಪ್ರಶ್ನೆಗಳು ಅಷ್ಟು ಹೊತ್ತಿಗೆ ಕನ್ನಡಕ್ಕೆ ಇಳಿದಿದ್ದವು. "ಕಡಿಮೆ ಬಿಸಿಯಲ್ಲಿ ಇಷ್ಟೊಂದು ಸಲ ಯಾಕೆ ಮಾಡಿದಿರಿ?" ಎಂದರು. ತಪ್ಪು ಮಾಡಿದೆ, ಸರಿ ಮಾಡುತ್ತಿದ್ದೇನೆ ಎಂದುಕೊಂಡೇ ಮಾಡಿದೆ ಎಂದು ಇದ್ದದ್ದನ್ನು ಹೇಳಿದೆ. ಅವರು ತಲೆಯಾಡಿಸಿ ಪುಟಗಳನ್ನು ಹಿಂದಕ್ಕೆ ತಿರುವಿ, ಮಾದರಿ ಎಲ್ಲಿಂದ ತಂದದ್ದು ಎಂದು ಬರೆಯುವ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ನಾನು ಬರೆದಿದ್ದೆ: 'ಕರಾವಳಿಯ ಒಂದು ಸಾವಯವ ತ್ಯಾಜ್ಯದ ರಾಶಿ.'

"ಯಾವ ರಾಶಿ? ಯಾರದ್ದು?"

ನಾನು ಹೆದರುತ್ತಿದ್ದ ಪ್ರಶ್ನೆ ಇದೇ. ಪ್ರಶ್ನೆ ಕಷ್ಟದ್ದಾಗಿತ್ತು ಅಂತಲ್ಲ. ಕಾಲೇಜು ಸೇರಿದಂದಿನಿಂದ ಯಾರಾದರೂ ಅಮ್ಮ ಏನು ಮಾಡುತ್ತಾರೆ ಎಂದರೆ 'ಮನೆಯಲ್ಲೇ ಇದ್ದಾರೆ' ಎಂದು ಹೇಳಿಕೊಂಡು ಬಂದವಳು ನಾನು. ಅವಳು ಬುಟ್ಟಿ ಹೊತ್ತು ನನ್ನ ಶುಲ್ಕ ಕಟ್ಟಿದಳು, ನಾನು ಅವಳ ಬುಟ್ಟಿಯನ್ನು ಬಾಯಿಗೆ ತರಲಿಲ್ಲ. ಪ್ರಬಂಧದಲ್ಲೂ ಹಾಗೇ ದಾಟಿಸಿಬಿಟ್ಟಿದ್ದೆ. ತಪ್ಪಿನ ಅಧ್ಯಾಯ ಬರೆಯಲು ಬಂದ ಧೈರ್ಯ ಈ ಒಂದು ಸಾಲಿಗೆ ಬಂದಿರಲಿಲ್ಲ.

"ನನ್ನ ಅಮ್ಮನದ್ದು, ಮೇಡಂ" ಎಂದೆ. "ಬೈಂದೂರಿನಲ್ಲಿ. ಮೀನು ಮಾರುತ್ತಾಳೆ. ಮೀನಿನ ತಲೆ, ಕರುಳು ಹಾಕಿ ಅವಳೇ ಮಾಡುವ ಗೊಬ್ಬರ. ಕಿಣ್ವ ಸತ್ತಿಲ್ಲ, ತಣ್ಣಗಾಗಿದೆ ಅಷ್ಟೇ ಅಂತ ಮೊದಲು ಹೇಳಿದ್ದೂ ಅವಳೇ."

ನನ್ನ ಪ್ರೊಫೆಸರರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಪರೀಕ್ಷಕಿ ಪೆನ್ನು ತೆಗೆದು ವರದಿಯಲ್ಲಿ ಏನೋ ಬರೆದು ಸಹಿ ಹಾಕಿದರು. ಪದವಿ ಕೊಡಬಹುದು, ಒಂದೇ ಒಂದು ತಿದ್ದುಪಡಿ ಆಗಬೇಕು ಎಂದಿತ್ತು. ಮಾದರಿಯ ಮೂಲವನ್ನು ಪೂರ್ತಿಯಾಗಿ, ಹೆಸರಿನ ಸಮೇತ ಬರೆಯತಕ್ಕದ್ದು.

ತಿದ್ದಿದ ಪ್ರತಿಯನ್ನು ಮೊದಲು ಬೈಂದೂರಿಗೆ ಒಯ್ದೆ. ಪುಸ್ತಕ ಇಂಗ್ಲಿಷಿನದ್ದು. ಅಮ್ಮ ಕೈ ತೊಳೆದು, ಸೆರಗಿಗೆ ಒರೆಸಿ, ಮುಟ್ಟದೆ ಎದುರು ಕೂತು, "ಎಂತ ಬರ್ದಿದೆ? ಓದ್ ಕಾಂಬ" ಎಂದಳು. ಆ ಸಾಲಿಗೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದೆ: ಅವಳ ಹೆಸರು, ಅವಳ ಊರು, ಮೀನು ಮಾರುವವರು, ಅವರು ಮಾಡಿದ ರಾಶಿಯಿಂದ. ಅಮ್ಮ ಅಂಗಳದ ಕೊನೆಯ ರಾಶಿಯ ಕಡೆ ನೋಡುತ್ತಾ, "ಇನ್ನೊಂದ್ ಸಲ ಓದ್" ಎಂದಳು.

ಇನ್ನೊಂದು ಸಲ ಓದಿದೆ.